ಕೆಳಗಿನ ದಾರ

ಜನವರಿ ೧೧

ತಂಗಿಗೆ ಬರೆದ ಕಾಗದವನ್ನು ಈಗಷ್ಟೇ ಅಂಟಿಸಿದೆ. ನಾವೆಲ್ಲ ಕ್ಷೇಮ, ಮೊಮ್ಮಗನ ಮಂಡಿ ಪರವಾಗಿಲ್ಲ, ಅಂಗಡಿಯಲ್ಲಿ ಕೈತುಂಬ ಕೆಲಸ ಎಂದು ಅದರಲ್ಲಿದೆ. ಮೂರರಲ್ಲಿ ಕೊನೆಯದೊಂದೇ ನಿಜ. ದೂರದಲ್ಲಿರುವವಳಿಗೆ ಸಂಕಟ ಕಳಿಸಿದರೆ ಅವಳು ಅದನ್ನು ಇಟ್ಟುಕೊಂಡು ಮಾಡುವುದೇನು? ಕಾಗದದಲ್ಲಿ ಹಿಡಿಸದೆ ಉಳಿದದ್ದನ್ನು ಇನ್ನು ಮೇಲೆ ಇಲ್ಲಿ ಸುರಿಯುತ್ತೇನೆ. ಓದುವವರು ಯಾರೂ ಇಲ್ಲವಾದ್ದರಿಂದ ಅಕ್ಷರ ಸೊಟ್ಟಗಾದರೂ ನಡೆಯುತ್ತದೆ.

ಮಂಡಿ ಸಣ್ಣ ಕುಂಬಳಕಾಯಿಯ ಹಾಗೆ ಊದಿಕೊಂಡಿದೆ. ಏಟು ಬಿದ್ದಿರಲಿಲ್ಲ, ಎಡವಿರಲಿಲ್ಲ. ಕುರ್ಚಿಯಿಂದ ಎದ್ದ, ಅಷ್ಟೆ. ಒಳಗೊಳಗೇ ರಕ್ತ ಸೋರಿ ಕೀಲಿನಲ್ಲಿ ನಿಂತಿತು. ಹುಟ್ಟಿದಾಗಿನಿಂದ ಅವನ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ನನ್ನ ತಾಯಿಯಿಂದ ನನಗೆ, ನನ್ನಿಂದ ಮಗಳಿಗೆ, ಮಗಳಿಂದ ಅವನಿಗೆ ಬಂದ ಕಾಯಿಲೆ ಇದು. ಹೆಂಗಸರು ನಾವು ಹೊತ್ತು ತಿರುಗುತ್ತೇವೆ, ಗಂಡುಮಕ್ಕಳು ಅನುಭವಿಸುತ್ತಾರೆ. ವಾರಕ್ಕೊಮ್ಮೆ ಫ್ರಿಜ್ಜಿನಿಂದ ಔಷಧಿಯ ಬಾಟಲಿ ತೆಗೆದು ಅವನ ನರಕ್ಕೆ ಚುಚ್ಚುವುದು ನನ್ನ ಪಾಲಿನ ಕೆಲಸ. ಮಗಳ ಕೈ ನಡುಗುತ್ತದೆ. ಅಳಿಯ ಹಡಗಿನ ಕೆಲಸದವನು, ಯಾವಾಗಲೂ ನೀರಿನ ಮೇಲೆ. ನನ್ನದು ಬದುಕಿಡೀ ಸೂಜಿ ಹಿಡಿದ ಕೈ.

ನಾನು ಹಾಸಿಗೆ, ದಿಂಬು, ಕುರ್ಚಿಯ ಮೆತ್ತೆ ಹೊಲಿಯುವವಳು. ಮುಂದೆ ಅಂಗಡಿ, ಹಿಂದೆ ಮನೆ. ಅವನು ಅಂಬೆಗಾಲಿಡಲು ಶುರುಮಾಡಿದಾಗ ಊಟದ ಮೇಜಿನ ನಾಲ್ಕು ಮೂಲೆಗಳಿಗೆ ಫೋಮ್ ತುಂಬಿದ ಟೋಪಿ ಹೊಲಿದೆ. ಆಮೇಲೆ ಮಂಚಕ್ಕೆ, ಕಿಟಕಿಯ ಕಟ್ಟೆಗೆ, ಬಾಗಿಲಿನ ಚೌಕಟ್ಟಿಗೆ, ಬಚ್ಚಲಿನ ನಲ್ಲಿಗೆ. ಈಗ ಈ ಮನೆಯಲ್ಲಿ ಚೂಪಾದ ಮೂಲೆ ಅನ್ನುವುದೇ ಇಲ್ಲ. "ನಮ್ಮನೇಲಿ ಎಡವಿ ಬಿದ್ರೆ ಏಟಾಗಲ್ಲ, ನಿದ್ದೆ ಬರುತ್ತೆ" ಎನ್ನುತ್ತಾನೆ ಮೊಮ್ಮಗ. ಇಪ್ಪತ್ಮೂರು ವರ್ಷದ ಹುಡುಗ. ಅಂಗಡಿಯ ಮುಂದಿನ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಗಿರಾಕಿಗಳೊಂದಿಗೆ ಮಾತಾಡುತ್ತಾನೆ. ಅಳತೆ, ಬಣ್ಣ, ಬಟ್ಟೆ ಎಲ್ಲ ಗೊತ್ತು. ಕತ್ತರಿ ಮಾತ್ರ ಮುಟ್ಟಕೂಡದು. ಅದು ನಾನು ಮಾಡಿದ ಕಾನೂನು.

ದೊಡ್ಡ ಆಸ್ಪತ್ರೆಯಿಂದ ಫೋನ್ ಬಂದಿದೆ. ಏನೋ ಹೊಸ ಚಿಕಿತ್ಸೆಯಂತೆ. ಮುಂದಿನ ವಾರ ಮೂವರೂ ಬನ್ನಿ ಎಂದಿದ್ದಾರೆ.

ಜನವರಿ ೨೦

ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ಅವಸರವಿಲ್ಲದೆ ಮಾತಾಡುತ್ತಾಳೆ. ಕುರ್ಚಿಯನ್ನು ನಮ್ಮ ಪಕ್ಕಕ್ಕೇ ಎಳೆದುಕೊಂಡು ಕೂತಳು. ಆ ಕುರ್ಚಿಯ ಮೆತ್ತೆಯ ಹೊಲಿಗೆ ಬಿಟ್ಟುಹೋಗಿತ್ತು, ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯಿತು.

"ಗಾಯ ಆದಾಗ ರಕ್ತದಲ್ಲಿರೋ ಕೆಲವು ಪ್ರೋಟೀನುಗಳು ಒಂದನ್ನೊಂದು ಎಬ್ಬಿಸ್ತಾ ಹೋಗ್ತವೆ ಅಜ್ಜಿ, ಸಾಲಾಗಿ ನಿಂತೋರು ಮುಂದಿನವನ ಭುಜ ತಟ್ಟಿದ ಹಾಗೆ. ಕೊನೇಲಿರೋನು ಬಲೆ ನೇಯ್ದು ಗಾಯ ಮುಚ್ತಾನೆ. ನಿಮ್ಮ ಮೊಮ್ಮಗನಲ್ಲಿ ನಡುವೆ ಒಬ್ಬ ಇಲ್ಲ. ಫ್ಯಾಕ್ಟರ್ ಒಂಬತ್ತು ಅಂತ ಅವನ ಹೆಸರು."

"ಸಾಲಿನಲ್ಲಿ ಒಂಬತ್ತನೇ ಜಾಗ ಅವನದಾ?" ಎಂದೆ.

"ಅಲ್ಲ. ಆ ನಂಬರಿಗೂ ನಿಲ್ಲೋ ಜಾಗಕ್ಕೂ ಸಂಬಂಧ ಇಲ್ಲ."

"ಮನೆ ನಂಬರು ಹುಡುಕ್ಕೊಂಡು ಹೋದ್ರೆ ಮನೆ ಸಿಗೋದಿಲ್ಲ ಅನ್ನಿ."

"ಸಿಗಲ್ಲ" ಎಂದು ನಕ್ಕಳು.

ನನಗೆ ಬಹಳ ದಿನದಿಂದ ಇದ್ದ ಸಂಶಯ ಕೇಳಿದೆ. ಅವನಿಗೆ ಗಾಯವಾದಾಗ ಮೊದಲು ನಿಂತಂತೆ ಆಗಿ, ಗಂಟೆ ಎರಡು ಗಂಟೆ ಬಿಟ್ಟು ಮತ್ತೆ ಶುರುವಾಗುತ್ತದಲ್ಲ, ಅದೇಕೆ? ಮೊದಲು ರಕ್ತದ ಸಣ್ಣ ಕಣಗಳು ಬಂದು ತೂತಿಗೆ ಅಡ್ಡ ಕೂರುತ್ತವಂತೆ. ಅದು ತಾತ್ಕಾಲಿಕ. ಮೇಲೆ ಬಲೆ ಬೀಳದಿದ್ದರೆ ಕಿತ್ತುಕೊಂಡು ಹೋಗುತ್ತದಂತೆ. ನನಗೆ ಥಟ್ಟನೆ ಹೊಳೆಯಿತು: ಮಷೀನಿನ ಅಡಿಯ ದಾರ ಸುತ್ತಿಡುವ ಬಾಬಿನ್ ಖಾಲಿಯಾದ ಹೊಲಿಗೆ. ಮಷೀನು ಓಡುತ್ತಿರುತ್ತದೆ, ಮೇಲಿನ ದಾರ ಬಟ್ಟೆಯ ಮೇಲೆ ಚೆಂದಕ್ಕೆ ಕೂತಂತೆ ಕಾಣುತ್ತದೆ. ಕೆಳಗಿನ ದಾರ ಬಂದು ಕೊಂಡಿ ಹಾಕದಿದ್ದರೆ ಒಂದು ಎಳೆತಕ್ಕೆ ಎಲ್ಲ ಸರ್ರೆಂದು ಬಂದುಬಿಡುತ್ತದೆ. ಹೀಗೆಂದೆ. ಡಾಕ್ಟರಮ್ಮನಿಗೆ ಬಾಬಿನ್ ಅಂದರೆ ಏನೆಂದು ತಿಳಿಯಲಿಲ್ಲ. ಮೊಮ್ಮಗ ಅವಳ ಪೆನ್ನಿನ ಮುಚ್ಚಳ ಬಿಚ್ಚಿ ಮೇಜಿನ ಮೇಲಿಟ್ಟು ತೋರಿಸಿಕೊಟ್ಟ.

ಚಿಕಿತ್ಸೆ ಇಷ್ಟು. ಒಂದು ವೈರಸ್ಸಿನ ಒಳಗಿನದ್ದೆಲ್ಲ ತೆಗೆದು, ಬರೀ ಚೀಲ ಉಳಿಸಿಕೊಂಡು, ಅದರಲ್ಲಿ ಆ ಒಂಬತ್ತನೆಯವನನ್ನು ಮಾಡುವ ನಮೂನೆ ಇಟ್ಟು ರಕ್ತಕ್ಕೆ ಬಿಡುತ್ತಾರೆ. ಚೀಲಗಳು ಯಕೃತ್ತಿಗೆ ಹೋಗಿ ನಮೂನೆ ಒಪ್ಪಿಸುತ್ತವೆ. ಅಲ್ಲಿನ ಜೀವಕೋಶಗಳು ಅದನ್ನು ಓದಿ ಕೆಲಸ ಶುರುಮಾಡುತ್ತವೆ.

"ವೈರಸ್ ಅಂದ್ರಿ" ಎಂದಳು ಮಗಳು. ಬೇರೇನೂ ಅವಳ ಕಿವಿಗೆ ಬಿದ್ದಿರಲಿಲ್ಲ.

"ಈ ವೈರಸ್ಸಿಂದ ಯಾರಿಗೂ ಕಾಯಿಲೆ ಬಂದದ್ದಿಲ್ಲ. ಅದ್ರಲ್ಲೂ ಒಳಗೆ ಖಾಲಿ."

ಹಾಗಾದರೆ ಕೆಟ್ಟ ನಮೂನೆ ರಿಪೇರಿಯಾಗುತ್ತದೆ ಎಂದುಕೊಂಡು ನಾನು ಖುಷಿಪಟ್ಟೆ. ಇಲ್ಲವಂತೆ. ಹಳೆಯದು ಹಾಗೇ ಇರುತ್ತದೆ, ಪಕ್ಕದಲ್ಲಿ ಸರಿಯಾದ ಪ್ರತಿಯೊಂದು ಬಂದು ಕೂರುತ್ತದೆ. ಇವನಿಗೆ ಹೆಣ್ಣುಮಕ್ಕಳಾದರೆ ಅವರೂ ನನ್ನ ಹಾಗೇ ಹೊರುವವರು. ಡಾಕ್ಟರಮ್ಮ ಅದನ್ನು ಮುಚ್ಚಿಡಲಿಲ್ಲ. ಇನ್ನೂ ಎರಡು ಮಾತು ಹೇಳಿದಳು. ಈ ಜಾತಿಯ ವೈರಸ್ಸನ್ನು ಅವನ ಮೈ ಹಿಂದೆಂದಾದರೂ ಕಂಡಿದ್ದರೆ ಚೀಲಗಳನ್ನು ಬಾಗಿಲಲ್ಲೇ ಹಿಡಿದು ಬಡಿಯುತ್ತದೆ, ಆಗ ಚಿಕಿತ್ಸೆ ಕೊಡುವಂತಿಲ್ಲ. ಕೊಟ್ಟ ಮೇಲಂತೂ ಮೈ ಅದನ್ನು ಮರೆಯುವುದಿಲ್ಲ. ಹಾಗಾಗಿ ಕೈತಪ್ಪಿದರೆ ಮತ್ತೊಮ್ಮೆ ಕೊಡಲಾಗದು. ಒಂದೇ ಸಲ.

ಪರೀಕ್ಷೆಗೆ ರಕ್ತ ತೆಗೆದುಕೊಂಡರು. ಚುಚ್ಚಿದ ಜಾಗವನ್ನು ಮಗಳು ಬಸ್ಸಿನಲ್ಲಿ ದಾರಿಯುದ್ದಕ್ಕೂ ಒತ್ತಿ ಹಿಡಿದಿದ್ದಳು. ಇನ್ನೊಂದು ಕಡೆಯಿಂದ ನಾನು ಬಗ್ಗಿ ನೋಡುತ್ತಲೇ ಇದ್ದೆ. ನಡುವೆ ಅವನು ಕಳ್ಳನ ಹಾಗೆ ಕೂತಿದ್ದ.

ಜನವರಿ ೨೯

ಅವನ ಮೈ ಆ ವೈರಸ್ಸನ್ನು ಎಂದೂ ಕಂಡಿಲ್ಲ. ಚಿಕಿತ್ಸೆ ಕೊಡಬಹುದು.

ಚಿಕ್ಕಂದಿನಿಂದ ಜ್ವರ ಬಂದವರ ಹತ್ತಿರ ಹೋಗಬೇಡ, ಆಡುವ ಮಕ್ಕಳ ಗುಂಪಿಗೆ ಸೇರಬೇಡ ಎಂದು ಕಾದದ್ದಕ್ಕೇ ಹೀಗಾಯಿತು ಎಂದು ನಾನು ಜಂಬ ಕೊಚ್ಚಿಕೊಂಡೆ. "ಅಜ್ಜಿ, ಅದು ಅದೃಷ್ಟ. ನಿನ್ನ ಕೈವಾಡ ಅಲ್ಲ" ಎಂದ. ಇರಲಿ.

"ಇದು ಕೈಗೂಡಿದ್ರೆ ನಂಗೊಂದು ಕೊಡ್ಬೇಕು ನೀನು."

"ಏನು?"

"ಕತ್ತರಿ."

ಗೋಡೆಯ ಮೊಳೆಗೆ ತೂಗುಹಾಕಿರುವ ನನ್ನ ದೊಡ್ಡ ಕತ್ತರಿಯ ಕಡೆ ನೋಡುತ್ತಿದ್ದ. ಬೇರೆ ಹುಡುಗರು ಮೋಟಾರ್ ಸೈಕಲ್ ನೋಡುವ ಹಾಗೆ. ನೋಡೋಣ ಎಂದೆ. ನೋಡೋಣ ಅಂದರೆ ನಮ್ಮ ಮನೆಯಲ್ಲಿ ಇಲ್ಲ ಎಂದೇ ಅರ್ಥ, ಅದು ಅವನಿಗೂ ಗೊತ್ತು.

ನನಗೊಬ್ಬ ತಮ್ಮನಿದ್ದ. ಅವನ ಮೊದಲ ಹಾಲುಹಲ್ಲು ಬಿದ್ದ ದಿನ ನಾವಿಬ್ಬರೂ ಕನ್ನಡಿಯ ಮುಂದೆ ನಿಂತು ನಕ್ಕಿದ್ದೆವು. ಅಮ್ಮ ಒಂದಾದ ಮೇಲೊಂದು ಬಟ್ಟೆ ತಂದಳು. ಮನೆಯಲ್ಲಿ ಬಟ್ಟೆ ಮುಗಿಯಿತು, ರಕ್ತ ಮುಗಿಯಲಿಲ್ಲ. ಆಗ ಈ ಬಾಟಲಿಗಳೂ ಇರಲಿಲ್ಲ, ಆ ಕಾಯಿಲೆಗೊಂದು ಹೆಸರಿದೆ ಎನ್ನುವುದೂ ನಮಗೆ ಗೊತ್ತಿರಲಿಲ್ಲ. ಇದನ್ನು ತಂಗಿಗೆ ನಾನು ಪೂರ್ತಿ ಹೇಳಿಲ್ಲ. ಅವಳಾಗ ತೊಟ್ಟಿಲಲ್ಲಿದ್ದಳು.

ಫೆಬ್ರವರಿ ೭

ಆಯಿತು.

ಇಷ್ಟೇನಾ ಅನ್ನಿಸಿತು. ಗಾಜಿನ ಗೋಡೆ, ಮುಖ ಮುಚ್ಚಿಕೊಂಡ ಹತ್ತು ಜನ, ಇನ್ನೂ ಏನೇನೋ ಊಹಿಸಿಕೊಂಡಿದ್ದೆ. ಒಂದು ಮಂಚ, ಒಂದು ಕೋಲು, ಕೋಲಿಗೆ ನೇತುಬಿದ್ದ ಚೀಲದಲ್ಲಿ ನೀರಿನಂಥ ನೀರು. ತೊಟ್ಟು ತೊಟ್ಟಾಗಿ ಇಳಿಯಿತು. ಮೊಮ್ಮಗ ಅರ್ಧ ಹೊತ್ತು ಫೋನಿನಲ್ಲಿ ಯಾರಿಗೋ ಸೋಫಾದ ಮೆತ್ತೆಗೆ ಯಾವ ಬಟ್ಟೆ ಒಳ್ಳೆಯದು ಎಂದು ಹೇಳುತ್ತಿದ್ದ.

"ಏನಾದ್ರೂ ಅನ್ನಿಸ್ತಿದೆಯೇನೋ?" ಮಗಳು ಅದನ್ನೇ ಕೇಳುತ್ತಿದ್ದಳು.

"ಹಸಿವು ಅನ್ನಿಸ್ತಿದೆ."

ನರ್ಸು ಖಾಲಿ ಚೀಲ ಬಿಚ್ಚಿಕೊಂಡು ಹೋದಳು. ಮೂರು ತಲೆಮಾರಿನ ಭಯಕ್ಕೆ ಸಿಕ್ಕ ಉತ್ತರ ಒಂದು ಕೈಚೀಲದಷ್ಟೂ ದೊಡ್ಡದಿರಲಿಲ್ಲ.

ಫೆಬ್ರವರಿ ೧೦

ಅವನು ಚೆನ್ನಾಗಿದ್ದಾನೆ. ಸ್ವಲ್ಪ ಸುಸ್ತು. ನಡೆಯುವಾಗ ಹಿಂದೆ ಹಿಂದೆ ಹೋಗಬೇಡ ಎಂದು ನನಗೆ ಬೈದ. ಹೋಗುವುದನ್ನು ಬಿಟ್ಟು ಇದ್ದಲ್ಲೇ ಕಿವಿಗೊಟ್ಟು ಕೂತಿರುತ್ತೇನೆ. ಚಪ್ಪಲಿಯ ಸದ್ದಿನಲ್ಲೇ ಯಾವ ಕಾಲು ನೋಯುತ್ತಿದೆ ಎಂದು ನನಗೆ ತಿಳಿಯುತ್ತದೆ.

ಮಾರ್ಚ್ ೩

ಬಾಟಲಿಯ ಔಷಧಿ ನಿಲ್ಲಿಸಿ, ಅದು ಮೈಯಿಂದ ಪೂರ್ತಿ ಇಳಿದ ಮೇಲೆ ಪರೀಕ್ಷೆ ಮಾಡಿದರು. ಎಲ್ಲರಲ್ಲಿ ಆ ಒಂಬತ್ತನೆಯವನು ನೂರು ಪಾಲಿದ್ದರೆ ಮೊದಲು ಅವನಲ್ಲಿ ಒಂದು ಪಾಲೂ ಇರಲಿಲ್ಲ. ಈಗ ಇಪ್ಪತ್ತೆರಡು. ಅದು ಅವನದೇ, ಅವನ ಯಕೃತ್ತು ಮಾಡಿದ್ದು.

ಮಗಳು ಕಾರಿಡಾರಿನಲ್ಲಿ ಗೋಡೆಗೆ ಹಣೆ ಇಟ್ಟು ನಿಂತುಬಿಟ್ಟಳು. ನಾನು ಅವಳ ಬೆನ್ನು ಸವರುತ್ತ, ನೂರಕ್ಕೆ ಇಪ್ಪತ್ತೆರಡು ಅಂದರೆ ಶಾಲೆಯಲ್ಲಿ ಫೇಲು ಎಂದೆ. ನಗು, ಅಳು ಎರಡೂ ಒಟ್ಟಿಗೆ ಬಂದು ಅವಳಿಗೆ ಕೆಮ್ಮು ಹತ್ತಿತು.

ಆದರೂ ನಾನು ಫ್ರಿಜ್ಜಿನ ಬಾಟಲಿಗಳನ್ನು ಹಾಗೇ ಇಟ್ಟಿದ್ದೇನೆ. ನಿತ್ಯ ಒಮ್ಮೆ ಬಾಗಿಲು ತೆಗೆದು ನೋಡುತ್ತೇನೆ.

ಮಾರ್ಚ್ ೧೯

ತಂಗಿಗೆ ಬರೆದೆ: ಎಲ್ಲ ನೇರ್ಪಾಗಿ ನಡೆಯುತ್ತಿದೆ.

ನಡೆಯುತ್ತಿಲ್ಲ. ಯಕೃತ್ತಿಗೆ ಪೆಟ್ಟಾಗಿದೆ ಎಂದು ರಕ್ತಪರೀಕ್ಷೆ ತೋರಿಸಿದೆ. ಮೈಯ ಕಾವಲುಗಾರರು ಈಗ ಎಚ್ಚೆತ್ತಿದ್ದಾರೆ. ಯಾವ ಕೋಶಗಳ ಒಳಗೆ ಚೀಲಗಳು ಹೊಕ್ಕಿವೆಯೋ ಆ ಕೋಶಗಳನ್ನೇ ಹುಡುಕಿ ಹೊಡೆಯುತ್ತಿದ್ದಾರೆ. ಕೋಶ ಸತ್ತರೆ ಅದರೊಂದಿಗೆ ನಮೂನೆಯೂ ಹೋಯಿತು. ಇಪ್ಪತ್ತೆರಡು ಹದಿನಾಲ್ಕಕ್ಕೆ ಇಳಿದಿದೆ.

"ಕಾವಲುಗಾರರನ್ನ ಸ್ವಲ್ಪ ದಿನ ತೂಕಡಿಸೋ ಹಾಗೆ ಮಾಡ್ತೀವಿ" ಎಂದು ಸ್ಟೆರಾಯ್ಡ್ ಮಾತ್ರೆ ಕೊಟ್ಟಿದ್ದಾಳೆ ಡಾಕ್ಟರಮ್ಮ. "ಇದು ಹೀಗಾಗಬಹುದು ಅಂತ ನಮಗೆ ಗೊತ್ತಿತ್ತು. ಬೇಗ ಹಿಡಿದಿದೀವಿ."

"ಹಿಡಿದ ಮೇಲೂ ಇಳೀತಾ ಹೋದ್ರೆ?"

ಅವಳು ನನ್ನ ಮುಖ ನೋಡಿದಳು. "ಹೋದ್ರೆ ಮತ್ತೆ ಬಾಟಲಿಗೆ ವಾಪಸ್ ಹೋಗ್ತೀವಿ ಅಜ್ಜಿ. ಇದನ್ನ ಇನ್ನೊಂದು ಸಲ ಕೊಡಕ್ಕಾಗಲ್ಲ."

ಮಾರ್ಚ್ ೨೦

ಬರೆಯಲು ಏನೂ ಇಲ್ಲ. ಹದಿನಾಲ್ಕು.

ಮಾರ್ಚ್ ೩೧

ಸ್ಟೆರಾಯ್ಡಿನಿಂದ ಅವನಿಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಂಥ ಹಸಿವು. ಬ್ರೆಡ್ಡಿನ ಪೊಟ್ಟಣವನ್ನು ಬಿಚ್ಚಿದವನು ಮುಗಿಸಿಯೇ ಕೆಳಗಿಡುತ್ತಾನೆ. ಕೆನ್ನೆ ದುಂಡಗಾಗಿದೆ. "ನಾನೂ ಈಗ ನಿನ್ನ ದಿಂಬುಗಳ ಜಾತಿಗೆ ಸೇರಿದೆ" ಎಂದು ಕನ್ನಡಿಯ ಮುಂದೆ ನಿಂತು ಹೇಳಿದ. ಸಿಟ್ಟೂ ಮೂಗಿನ ತುದಿಯಲ್ಲೇ. ಗಿರಾಕಿಯೊಬ್ಬಳು ಇನ್ನೂ ಎಷ್ಟು ದಿನ ಎಂದು ಕೇಳಿದ್ದಕ್ಕೆ, ಅವಸರವಿದ್ದರೆ ನೆಲದ ಮೇಲೆ ಮಲಗಿ ಎಂದನಂತೆ. ನಾನು ಫೋನ್ ಮಾಡಿ ಕ್ಷಮೆ ಕೇಳಿದೆ. ಅವಳು ನಗುತ್ತಿದ್ದಳು, ಸದ್ಯ.

ಯಕೃತ್ತು ಸುಧಾರಿಸುತ್ತಿದೆ. ಒಂಬತ್ತನೆಯವನ ಲೆಕ್ಕ ಹದಿನಾಲ್ಕರಲ್ಲೇ ನಿಂತಿದೆ. ಮೇಲೂ ಇಲ್ಲ, ಕೆಳಗೂ ಇಲ್ಲ. ಮುಂದಿನ ತಿಂಗಳ ಪರೀಕ್ಷೆಯೇ ಮುಖ್ಯ ಎಂದಿದ್ದಾಳೆ ಡಾಕ್ಟರಮ್ಮ. ಮಾತ್ರೆ ಕಡಿಮೆ ಮಾಡುತ್ತ ಬಂದ ಮೇಲೂ ಇದು ನಿಲ್ಲುತ್ತದೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ.

ಏಪ್ರಿಲ್ ೯

ಸಂಜೆ ಅಂಗಡಿಯ ಮೆಟ್ಟಿಲಲ್ಲಿ ಅವನ ಪಾದ ಹೊರಳಿತು. ಧಡ್ ಎಂಬ ಸದ್ದು ನನಗೆ ಒಳಗೆ ಮಷೀನಿನ ಗದ್ದಲದಲ್ಲೂ ಕೇಳಿಸಿತು. ಹೊರಗೆ ಬರುವಷ್ಟರಲ್ಲಿ ಅವನು ಮೆಟ್ಟಿಲ ಮೇಲೆ ಕೂತು ಪಾದದ ಗಂಟನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

"ಏನೂ ಆಗಿಲ್ಲ" ಎಂದ. ಹಾಗೆನ್ನುವಾಗಲೇ ಊದುತ್ತಿತ್ತು.

ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಮಗಳು ಕಾಲು ಎತ್ತಿ ದಿಂಬಿನ ಮೇಲಿಟ್ಟಳು. ನಾನು ಫ್ರಿಜ್ಜಿನ ಕಡೆ ಓಡಿದೆ. ಅವನೇ ಅಂಗಿಯ ತೋಳು ಮಡಿಚಿ ಕೈ ಚಾಚಿದ. ಬಾಟಲಿ, ಸಿರಿಂಜು, ಪಟ್ಟಿ, ನರ. ಕೈ ತಂತಾನೇ ಮಾಡಿತು. ಎಲ್ಲ ಮುಗಿದು, ಹತ್ತಿ ಒತ್ತಿ ಹಿಡಿದ ಮೇಲೆ ಮಗಳು ಹೇಳಿದಳು:

"ಅಮ್ಮಾ, ಮೊದ್ಲು ಫೋನ್ ಮಾಡ್ಬೇಕು ಅಂದಿದ್ರು."

ಏಪ್ರಿಲ್ ೧೧

ಪರೀಕ್ಷೆಯಲ್ಲಿ ಐವತ್ತೊಂದು ಬಂದಿದೆ. ಒಂದು ಕ್ಷಣ ನಮ್ಮ ಮೂವರ ಮುಖವೂ ಅರಳಿತು.

"ಸೂಜಿ ಏನಾದ್ರೂ ಕೊಟ್ರಾ?" ಡಾಕ್ಟರಮ್ಮ ಮೆಲ್ಲಗೆ ಕೇಳಿದಳು.

ನಾನು ಕೊಟ್ಟೆ ಎಂದೆ. ಅವಳು ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟಳು. ಇದರಲ್ಲಿ ಬಾಟಲಿಯದೆಷ್ಟು, ಯಕೃತ್ತಿನದೆಷ್ಟು ಹೇಳುವುದಕ್ಕೆ ಬರುವುದಿಲ್ಲ. ಅವನದು ಮೇಲೇರಿರಬಹುದು, ಸೊನ್ನೆಗೆ ಇಳಿದಿರಲೂಬಹುದು. ಬಾಟಲಿಯ ಔಷಧಿ ಎಲ್ಲವನ್ನೂ ಮುಚ್ಚಿಬಿಟ್ಟಿದೆ. ಪಾದದ ಗಂಟಿನ ಸ್ಕ್ಯಾನಿನಲ್ಲಿ ಕೀಲೊಳಗೆ ರಕ್ತ ಕಾಣಲಿಲ್ಲ. ಆದರೆ ಸೂಜಿ ಹಾಕಿದ ಮೇಲೆ ತೆಗೆದ ಸ್ಕ್ಯಾನು ಅದು.

"ಬೈರಿ ನನಗೆ" ಎಂದೆ.

"ಯಾಕೆ ಬೈಲಿ? ಇಪ್ಪತ್ತು ವರ್ಷ ಸರಿಯಾಗೇ ಮಾಡಿದೀರಿ. ಆದ್ರೆ ಈಗ ಔಷಧಿ ಪೂರ್ತಿ ಇಳಿಯೋವರೆಗೆ ಕಾಯ್ಬೇಕು. ಅಲ್ಲೀವರೆಗೆ ಊತ ಕಂಡ್ರೂ ನೋವು ಅಂದ್ರೂ ಮೊದ್ಲು ನನಗೆ ಫೋನು. ಬಾಟಲಿ ಮುಟ್ಟೋಹಾಗಿಲ್ಲ."

ದಾರಿಯಲ್ಲಿ ಮೊಮ್ಮಗ, "ಅಜ್ಜಿ, ನಂಗೆ ಕತ್ತರಿ ಕಾನೂನು ಇತ್ತಲ್ಲ, ಈಗ ನಿನಗೊಂದು ಬಾಟಲಿ ಕಾನೂನು ಬಂತು" ಎಂದ. ಮಗಳು ಅವನ ತಲೆಗೊಂದು ಮೊಟಕಿದಳು. ಮೊಟಕಿದವಳೇ ಬೆಚ್ಚಿ, ನೋವಾಯಿತಾ ಎಂದು ಕೂದಲು ಸರಿಸಿ ನೋಡಿದಳು.

ಏಪ್ರಿಲ್ ೧೪

ಊತ ಹೆಚ್ಚಿಲ್ಲ. ಗಂಟೆಗೊಮ್ಮೆ ನೋಡುತ್ತಿದ್ದೇನೆ. ನೋಡಿ ನೋಡಿ ನನಗೇ ಅದು ಊದಿದಂತೆ, ಇಳಿದಂತೆ ಎರಡೂ ಕಾಣುತ್ತದೆ.

ಏಪ್ರಿಲ್ ೧೬

ಬಾಟಲಿಗಳನ್ನು ಮಗಳು ಪಕ್ಕದ ಮನೆಯವರ ಫ್ರಿಜ್ಜಿಗೆ ಸಾಗಿಸಿದ್ದಾಳೆ, ನನ್ನ ಕೈಗೆ ಎಟುಕಬಾರದೆಂದು. ಅದೇನೂ ಬೇಕಿರಲಿಲ್ಲ ಎಂದೆ. ಬೇಕಿತ್ತು.

ಹೋಟೆಲಿನವರ ದಿಂಬಿನ ಗವಸು ಹೊಲಿಯಲು ಕೂತೆ. ಅರ್ಧ ಹೊಲಿದ ಮೇಲೆ ನೋಡಿದರೆ ಬಾಬಿನ್ ಯಾವಾಗಲೋ ಮುಗಿದಿತ್ತು. ಇಷ್ಟುದ್ದ ಹೊಲಿಗೆ ಬೆರಳಿನ ತುದಿಯಲ್ಲಿ ಎಳೆದರೆ ಬಂತು. ಇದನ್ನು ಶಕುನ ಎನ್ನುವವಳಲ್ಲ ನಾನು. ಕನ್ನಡಕ ಒರೆಸಿಕೊಂಡು ಬಾಬಿನ್ ಸುತ್ತಿ ಮೊದಲಿಂದ ಹೊಲಿದೆ. ಮುಗಿದ ಮೇಲೆ ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಎಳೆದು ನೋಡಿದೆ. ನಿಂತಿತು.

ಏಪ್ರಿಲ್ ೨೧

ಕಾಲಿನ ಊತ ಇಳಿದಿದೆ. ಮೂಳೆಯ ಗಂಟು ಕಾಣುತ್ತಿದೆ. ಏನೂ ಕೊಡದೆ. ಐಸು, ಪಟ್ಟಿ, ವಿಶ್ರಾಂತಿ, ಇಷ್ಟೇ.

ಇದಕ್ಕೆ ಮುಂಚೆ ಒಂದೇ ಒಂದು ಸಲವೂ ಹೀಗಾದದ್ದಿಲ್ಲ. ಆದರೆ ನಾನು ಮೊದಲ ದಿನ ಸೂಜಿ ಹಾಕಿದ್ದೆನಲ್ಲ. ಅದೇ ಮಾಡಿರಬಹುದು. ಆಸೆಗೆ ಬಾಗಿಲು ತೆರೆಯುವುದಕ್ಕೇ ಭಯ.

ಏಪ್ರಿಲ್ ೨೮

ಮೂವತ್ತಾರು.

ಒಂದು ಹನಿಯೂ ಬಾಟಲಿಯದಲ್ಲ. ಸ್ಟೆರಾಯ್ಡ್ ಕಡಿಮೆಯಾಗುತ್ತ ಬಂದರೂ ಯಕೃತ್ತು ತಣ್ಣಗಿದೆ. ಡಾಕ್ಟರಮ್ಮ ಕಾಗದವನ್ನು ಈ ಸಲ ಮಡಿಸಲಿಲ್ಲ, ನಮ್ಮ ಮುಂದೆ ಹರಡಿದಳು. ಇಷ್ಟಿದ್ದರೆ ದಿನನಿತ್ಯದ ಬದುಕಿಗೆ ಸಾಕು. ಆಪರೇಷನ್ ಗೀಪರೇಷನ್ ಬಂದರೆ ನಮಗೆ ಹೇಳಿ. ಎಷ್ಟು ವರ್ಷ ನಿಲ್ಲುತ್ತದೆ ಎಂದು ಪ್ರಮಾಣ ಮಾಡಲಾರೆ, ನೋಡುತ್ತ ಇರೋಣ. ಇಷ್ಟು ಹೇಳಿದಳು.

"ಹಾಗಾದ್ರೆ ಆವತ್ತು ಕಾಲಿಗೆ ಆದದ್ದು?" ಮೊಮ್ಮಗ ಕೇಳಿದ.

"ಉಳುಕು" ಎಂದಳು. "ಬರೀ ಉಳುಕು. ಎಲ್ಲರಿಗೂ ಆಗತ್ತಲ್ಲ, ಅದೇ."

ಅವನು ತನ್ನ ಕಾಲನ್ನು ಬಗ್ಗಿ ನೋಡಿದ, ಯಾರೋ ಪರಿಚಯ ಮಾಡಿಸಿದ ಹಾಗೆ. "ನಂಗೆ ಉಳುಕಿತ್ತು ಅಮ್ಮ" ಎಂದ. ಮಗಳು, "ಹೌದು ಕಣೋ, ಉಳುಕಿತ್ತು" ಎಂದಳು. ನಮ್ಮ ಅಮ್ಮನ ಕಡೆಯ ಗಂಡುಮಕ್ಕಳಲ್ಲಿ ಇವನ ರೋಗ ಇದ್ದವರಿಗೆ ಉಳುಕು ಎಂಬುದೇ ಇರಲಿಲ್ಲ, ಇದ್ದದ್ದು ರಕ್ತ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿಗೂ ಹೇಳಿಕೊಂಡ, ಮೊನ್ನೆ ನನಗೆ ಕಾಲು ಉಳುಕಿತ್ತು ಎಂದು. ಆಕೆ ಪಾಪ, ಎಣ್ಣೆ ಹಚ್ಚಿ ಎಂದಳು.

ಮನೆಗೆ ಬಂದು ಕತ್ತರಿಯನ್ನು ಮೊಳೆಯಿಂದ ಇಳಿಸಿ ಅವನ ಮುಂದಿಟ್ಟೆ. ಮುಟ್ಟಲಿಲ್ಲ. "ಇವತ್ತು ಬೇಡ ಅಜ್ಜಿ, ಮೊದ್ಲು ಹಳೇ ಚಾದರದ ಮೇಲೆ ಕಲಿಸು" ಎಂದ.

ತಮ್ಮನ ಮುಖ ನೆನಪಿಗೆ ಬಂತು. ಬಿದ್ದ ಹಲ್ಲು ಅಂಗೈಯಲ್ಲಿ ಹಿಡಿದು ನಗುತ್ತಿದ್ದ ಮುಖ, ಅದಕ್ಕೆ ಮುಂದಿನದ್ದಲ್ಲ.

ಮೇ ೧೨

ದಿನಾಲೂ ಕತ್ತರಿಸುವ ಪಾಠ. ಮೊದಲು ಹಳೆಯ ಚಾದರದ ಮೇಲೆ. ಕತ್ತರಿಯ ಕೆಳಗಿನ ಅಲಗು ಮೇಜು ಬಿಟ್ಟು ಏಳಬಾರದು ಎಂದು ನೂರು ಸಲ ಹೇಳಿದೆ, ಅವನು ಎತ್ತುತ್ತಾನೆ. ಬಟ್ಟೆ ಇಲಿ ಕಡಿದ ಹಾಗಾಗುತ್ತದೆ.

"ನೀನು ಕಲಿಸೋ ರೀತಿ ಸರಿಯಿಲ್ಲ."

"ನಿನ್ನ ಮಣಿಕಟ್ಟು ಸರಿಯಿಲ್ಲ. ಫೋನಿನಲ್ಲಿ ಬಾಯಿ ಓಡಿಸಿದಷ್ಟು ಸುಲಭ ಅಲ್ಲಪ್ಪ ಇದು."

ನನ್ನ ಎಡಗಣ್ಣಿಗೆ ಪೊರೆ ಬಂದಿದೆಯೇನೋ. ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕಾಯಿತು. ತೋರಿಸಬೇಕು.

ಮೇ ೨೬

ಹೋಟೆಲಿನವರು ಒಮ್ಮೆಗೇ ನಲವತ್ತು ಕುರ್ಚಿಗೆ ಮೆತ್ತೆ ಕೇಳಿದ್ದಾರೆ. ಫೋಮ್ ಕಡಿಮೆ ಬಿತ್ತು, ಸಾಮಾನು ಬರುವುದು ಸೋಮವಾರಕ್ಕೆ. ಏನು ಮಾಡುವುದೆಂದು ಅಡುಗೆಮನೆಯಲ್ಲಿ ನಿಂತಿದ್ದಾಗ ಊಟದ ಮೇಜಿನ ಮೂಲೆ ಕಣ್ಣಿಗೆ ಬಿತ್ತು. ಅಲ್ಲಿ ಕಟ್ಟಿದ್ದೆಲ್ಲ ಒಳ್ಳೆಯ ಗಟ್ಟಿ ಫೋಮು. ಟೋಪಿಗಳನ್ನು ಬಿಚ್ಚಿದೆ. ಮಂಚದ್ದು, ಕಿಟಕಿಯದು, ಬಾಗಿಲಿನದು ಎಲ್ಲ ಬಿಚ್ಚಿ ಒಗೆದು ಒಣಹಾಕಿದೆ. ಮೆತ್ತೆಯ ಅಂಚಿಗೆ ತುಂಬಲು ಸರಿಯಾಗಿ ಸಾಕಾಯಿತು. ಕೆಲಸ ನಿಲ್ಲಲಿಲ್ಲ.

ಮಗಳು ಸಂಜೆ ಬಂದವಳು ಮೇಜಿನ ಮೂಲೆ ಸವರುತ್ತ ಬಹಳ ಹೊತ್ತು ನಿಂತಿದ್ದಳು. ಕಾಫಿ ತಣ್ಣಗಾಗುತ್ತಿದೆ ಎಂದು ಎರಡು ಸಲ ಕರೆಯಬೇಕಾಯಿತು.

ಜೂನ್ ೮

ಕಣ್ಣಿನ ಡಾಕ್ಟರು ಪೊರೆಯೇ ಎಂದರು. ಮಳೆಗಾಲ ಕಳೆದು ತೆಗೆಸೋಣ ಎಂದುಕೊಂಡಿದ್ದೇನೆ. ನಲವತ್ತರಲ್ಲಿ ಇಪ್ಪತ್ತೆಂಟು ಮೆತ್ತೆ ಮುಗಿದಿವೆ. ಮೊಮ್ಮಗ ಈಗ ನೆಟ್ಟಗೆ ಕತ್ತರಿಸುತ್ತಾನೆ, ನನಗೆ ಹೇಳಬೇಕೆನ್ನಿಸಿದರೂ ಹೇಳಿಲ್ಲ. ತಲೆಗೇರಿಸಿಕೊಂಡಾನು.

ಜೂನ್ ೧೭

ಇವತ್ತು ಮೈಯೆಲ್ಲ ಉರಿದುಹೋಯಿತು.

ಆಸ್ಪತ್ರೆಯ ಡಾಕ್ಟರಮ್ಮನ ಕುರ್ಚಿಗೊಂದು ಮೆತ್ತೆ ಮಾಡಿಕೊಡೋಣ ಎಂದು ಬಿಳಿ ದಪ್ಪ ಬಟ್ಟೆ ತೆಗೆದಿಟ್ಟಿದ್ದೆ. ನನ್ನ ಹತ್ತಿರ ಇದ್ದ ಒಳ್ಳೆಯ ತುಂಡು ಅದೊಂದೇ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಟ್ಟು ಇವನಿಗೆ ಕತ್ತರಿಸು ಎಂದೆ. ಇವನು ಬಾಗಿಲಲ್ಲಿ ನಿಂತ ಗಿರಾಕಿಯ ಜೊತೆ ಹರಟುತ್ತ ಕತ್ತರಿ ಓಡಿಸುತ್ತಿದ್ದ. ಅಲಗು ಎಡಗೈಯ ಹೆಬ್ಬೆರಳಿಗೆ ಕೂತಿತು. ಸರಿ, ಕೂತಿತು, ಕೈ ಹಿಂದೆ ತೆಗೆಯಬೇಕೋ ಬೇಡವೋ? ಬಟ್ಟೆಯ ನಟ್ಟನಡುವೆ ಹೆಬ್ಬೆರಳು ಊರಿದ. ಇಷ್ಟಗಲ ಕಲೆ.

"ಬಿಳೀ ಬಟ್ಟೆ ಹಾಳು ಮಾಡಿದೆಯಲ್ಲೋ! ಕೈ ಎತ್ತು ಅಲ್ಲಿಂದ. ಕೆಲಸದ ಮೇಲೆ ಗಮನ ಇರ್ಬೇಕು, ಬೀದಿ ಮೇಲಲ್ಲ."

"ಅಜ್ಜಿ, ನನ್ನ ಬೆರಳು..."

"ಬೆರಳಿಗೇನು, ಬಾಯಲ್ಲಿಟ್ಟುಕೋ. ಬಟ್ಟೆ ಎಲ್ಲಿಂದ ತರ್ಲಿ ನಾನು?"

ಬಟ್ಟೆ ಎಳೆದುಕೊಂಡು ಬಚ್ಚಲಿಗೆ ಓಡಿದೆ. ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದು, ತಾಗಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ತಣ್ಣೀರಲ್ಲಿ ನೆನೆಹಾಕಿ, ಸೋಪು ಸವರಿ, ತಿಕ್ಕಿ, ಮತ್ತೆ ನೆನೆಹಾಕಿದೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ, ಇಪ್ಪತ್ತು ವರ್ಷ ಅದೇ ಮಾಡಿದ್ದೇನೆ. ತಿರುಗಿ ಬರುವಷ್ಟರಲ್ಲಿ ಇವನು ಹೆಬ್ಬೆರಳಿಗೆ ಚಿಂದಿ ಸುತ್ತಿಕೊಂಡು ಉಳಿದ ತುಂಡನ್ನು ಕತ್ತರಿಸುತ್ತಿದ್ದ. ಆಮೇಲೆ ಚಿಂದಿಯನ್ನೂ ಕಿತ್ತೆಸೆದ, ಹಿಡಿತಕ್ಕೆ ಅಡ್ಡ ಬರುತ್ತದಂತೆ.

ಮಗಳು ಒಳಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ, ಕಣ್ಣಿಂದ ನೀರು ದಳದಳ ಇಳಿಯುತ್ತಿದೆ. "ಏನೇ ನಿಂದು, ನಾನಿಲ್ಲಿ ಒದ್ದಾಡ್ತಿದ್ರೆ ನಿಂಗೆ ನಗೆ" ಎಂದೆ. ಅವಳು ಬಂದು ನನ್ನ ಒದ್ದೆ ಕೈಗಳನ್ನೇ ಹಿಡಿದುಕೊಂಡು, "ಬೈ ಅಮ್ಮ, ಇನ್ನೂ ಬೈ ಅವನಿಗೆ" ಎಂದಳು. ಇವಳಿಗೇನಾಗಿದೆಯೋ ನನಗೆ ತಿಳಿಯಲಿಲ್ಲ. ಇಬ್ಬರಿಗೂ ಕೆಲಸದ ಮೇಲೆ ಗೌರವವಿಲ್ಲ.

ತಂಗಿಗೆ ಕಾಗದ ಬರೆಯುವ ದಿನ ಇವತ್ತು. ಪ್ರತ್ಯೇಕವಾಗಿ ಬರೆಯಲು ಪುರುಸೊತ್ತಿಲ್ಲ, ಮೆತ್ತೆಗಳು ಹಾಗೇ ಬಿದ್ದಿವೆ. ಮೇಲೆ ಬರೆದದ್ದನ್ನೇ ನಕಲು ಮಾಡಿ ಕಳಿಸುತ್ತೇನೆ, ಒಂದಕ್ಷರವೂ ಬಿಡದೆ.

ಕಲೆ ಪೂರ್ತಿ ಹೋಗಲಿಲ್ಲ. ಮೆತ್ತೆಯ ಅಡಿಭಾಗಕ್ಕೆ ಬರುವಂತೆ ತಿರುಗಿಸಿ ಹೊಲಿದರಾಯಿತು.